ಅಪ್ಪನ ಮನೆಯ ಕೇಬಲ್ ತೆಗೆಸಬೇಕಾ? ಸ್ಪೋರ್ಟ್ಸ್ ಚಾನೆಲ್ ಲೆಕ್ಕ ಯಾರಾದರೂ ಬಿಡಿಸಿ ಹೇಳಿ

ತಿಪಟೂರು ಹುಡುಗ:
ನಾನಿರುವುದು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ತಿಪಟೂರಿನಲ್ಲಿ. ಊರಿನ ಮನೆಯ ಕೇಬಲ್ ದುಡ್ಡು ನಾನೇ ಕಟ್ಟುತ್ತೇನೆ. ಗೌರಿ ಹಬ್ಬಕ್ಕೆ ಹೋದಾಗ ಸುಮ್ನೆ ಕುತೂಹಲಕ್ಕೆ ಪ್ಯಾಕ್‌ನಲ್ಲಿ ಏನೇನಿದೆ ಅಂತ ನೋಡಿದೆ. ಅಪ್ಪನಿಗೆ ಬೇಕಾದದ್ದು ನ್ಯೂಸ್, ಕಬಡ್ಡಿ, ಕ್ರಿಕೆಟ್. ಅಮ್ಮನಿಗೆ ಎರಡು ಧಾರಾವಾಹಿ. ಅಷ್ಟಕ್ಕೆ ಪ್ಯಾಕ್‌ನಲ್ಲಿ ಹನ್ನೊಂದು ಸ್ಪೋರ್ಟ್ಸ್ ಚಾನೆಲ್! ಒಂದರಲ್ಲಿ ಯಾವಾಗ ಹಾಕಿದರೂ ಕಾರ್ ರೇಸ್. ಇನ್ನೊಂದರಲ್ಲಿ ಯಾವುದೋ ದೇಶದ ಫುಟ್‌ಬಾಲ್, ಅದೂ ಹೋದ ವಾರದ್ದು. ನಾವು ಕೇಳಿದ್ದಲ್ಲ, ಯಾವಾಗ ಸೇರಿಕೊಂಡವೋ ಗೊತ್ತಿಲ್ಲ.

ಈಗ ಫೋನ್ ರೀಚಾರ್ಜ್ ಜೊತೆಗೇ ಮ್ಯಾಚ್ ಬರುತ್ತದೆ. ಕೇಬಲ್ ತೆಗೆಸಿ ಒಂದು ಸ್ಮಾರ್ಟ್ ಟಿವಿ ಕೊಡಿಸಿಬಿಡೋಣ ಅಂತ ಯೋಚನೆ. ಆದರೆ ಒಂದು ವಿಷಯ ತಲೆಗೆ ಹತ್ತುತ್ತಿಲ್ಲ. ಐಪಿಎಲ್ ಹಕ್ಕು ಸಾವಿರಾರು ಕೋಟಿ ಅನ್ನುತ್ತಾರೆ. ಅಪ್ಪ ಒಂದು ಚಾನೆಲ್‌ಗೆ ಕೊಡುವುದು ತಿಂಗಳಿಗೆ ಇಪ್ಪತ್ತು ಚಿಲ್ಲರೆ. ಈ ಎರಡು ಲೆಕ್ಕ ಎಲ್ಲಿ ಸೇರುತ್ತವೆ?

ಸುಮ್ನೆ ಓದುವವ:
ತೆಗೆಸಿ ಸಾರ್. ಈ ಕಾಲದಲ್ಲಿ ಕೇಬಲ್ ಯಾರು ನೋಡುತ್ತಾರೆ.

ಕೇಬಲ್ ಮಂಜ:
ನಾನು ನೋಡಿಸುತ್ತೇನೆ ಸ್ವಾಮಿ, ಇಪ್ಪತ್ತು ವರ್ಷದ ಮೇಲಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ನಿಮ್ಮ ಇಪ್ಪತ್ತು ಚಿಲ್ಲರೆಯ ಲೆಕ್ಕ. 2019ರಲ್ಲಿ ಟ್ರಾಯ್, ಅಂದರೆ ಟಿವಿ, ಫೋನ್ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ, ಹೊಸ ದರ ಪದ್ಧತಿ ತಂತು. ಪ್ರತಿ ಪೇ ಚಾನೆಲ್‌ಗೂ, ಅಂದರೆ ದುಡ್ಡು ಕೊಟ್ಟು ನೋಡುವ ಚಾನೆಲ್‌ಗೂ, ಒಂದು ಎಂಆರ್‌ಪಿ, ಸೋಪಿನ ಮೇಲೆ ಇರುವ ಹಾಗೆ. ಆಗ ಸ್ಟಾರ್ ಸ್ಪೋರ್ಟ್ಸ್ 1ಕ್ಕೆ 19 ರೂಪಾಯಿ ಇಟ್ಟರು. ಯಾಕೆ 19? 19 ದಾಟಿದ ಚಾನೆಲ್ಲನ್ನು ಪ್ಯಾಕ್‌ಗೆ ಸೇರಿಸುವ ಹಾಗಿಲ್ಲ ಅಂತ ನಿಯಮ. ಅದಕ್ಕೇ ಬೆಲೆ ಇರುವ ಚಾನೆಲ್ ಎಲ್ಲ 19ರಲ್ಲಿ ಬಂದು ನಿಂತವು. ಇದರ ಮೇಲೆ 18% ಜಿಎಸ್‌ಟಿ. ಅಲ್ಲಿಗೆ 22 ರೂಪಾಯಿ 42 ಪೈಸೆ.

ಈ 19ರಲ್ಲಿ 20% ವಿತರಣೆಯ ಪಾಲು, ಅಂದರೆ 3 ರೂಪಾಯಿ 80 ಪೈಸೆ. ಅದು ಪೂರ್ತಿ ನನಗಲ್ಲ. ನನ್ನ ಮೇಲೆ ಎಂಎಸ್‌ಒ ಇದ್ದಾರೆ, ಸಿಗ್ನಲ್ ಕೊಡುವವರು. ಅವರಿಗೆ 55, ನನಗೆ 45ರ ಲೆಕ್ಕ. ನನ್ನ ಕೈಗೆ 1 ರೂಪಾಯಿ 71 ಪೈಸೆ. ಮಳೆ ಬಂದು ನಿಮ್ಮ ಮನೆ ಮುಂದಿನ ತೆಂಗಿನ ಗರಿ ವೈರ್ ಮೇಲೆ ಬಿದ್ದರೆ ರಾತ್ರಿ ಒಂಬತ್ತಕ್ಕೆ ಏಣಿ ಹೊತ್ತು ಬರುವವನಿಗೆ ಇಷ್ಟು. ನಮ್ಮ ಹೊಟ್ಟೆ ತುಂಬಿಸಿದ್ದು ಚಾನೆಲ್ ಅಲ್ಲ, ಎನ್‌ಸಿಎಫ್ ಅಂತ, ಅಂದರೆ ಚಾನೆಲ್ ಬೆಲೆ ಬಿಟ್ಟು ಕನೆಕ್ಷನ್‌ಗೇ ತಿಂಗಳ ಶುಲ್ಕ ಕಟ್ಟುತ್ತಿದ್ದಿರಲ್ಲ, 130 ಪ್ಲಸ್ ತೆರಿಗೆ, ಅದು.

ಉಳಿದ 15 ರೂಪಾಯಿ 20 ಪೈಸೆ ಚಾನೆಲ್‌ನವರಿಗೆ. ಅದರಲ್ಲೂ ಎಂಆರ್‌ಪಿಯ 15% ತನಕ ರಿಯಾಯಿತಿ ಕೊಡಬಹುದು. ಯಾರಿಗೆ? ಅವರ ಪ್ಯಾಕನ್ನು ಜಾಸ್ತಿ ಮನೆಗೆ ಹಾಕಿಸಿದವರಿಗೆ. ಈಗ ಅರ್ಥ ಆಯಿತಾ ನಿಮ್ಮ ಮನೆಗೆ ಹನ್ನೊಂದು ಚಾನೆಲ್ ಹೇಗೆ ಬಂದವು ಅಂತ?

ಇದಕ್ಕಿಂತ ಹಿಂದಿನ ಕಾಲ ಇನ್ನೂ ಮಜಾ. ಸೆಟ್‌ಟಾಪ್ ಬಾಕ್ಸ್ ಇರಲಿಲ್ಲ. ಚಾನೆಲ್ ಕಡೆಯ ಹುಡುಗ ಬೈಕಿನಲ್ಲಿ ಬಂದು ಎಷ್ಟು ಮನೆ ಅಂತ ಕೇಳುತ್ತಿದ್ದ. ಚಾನೆಲ್‌ಗೆ ದುಡ್ಡು ಕಟ್ಟುವುದು ಮನೆ ಲೆಕ್ಕದಲ್ಲಿ, ಅದಕ್ಕೇ 400 ಇದ್ದರೆ 90 ಅನ್ನುತ್ತಿದ್ದೆವು. ಅವನು ಆಕಾಶ ನೋಡಿ, ಕಂಬದ ಮೇಲಿನ ವೈರ್ ನೋಡಿ, 150 ಬರೆದುಕೋ ಅನ್ನುತ್ತಿದ್ದ. ಕಾಫಿ ಕುಡಿದು 120ಕ್ಕೆ ಇಳಿಯುತ್ತಿತ್ತು. ಸುಳ್ಳು ಅಂತ ಅವನಿಗೂ ಗೊತ್ತು, ಅವನಿಗೆ ಗೊತ್ತು ಅಂತ ನಮಗೂ ಗೊತ್ತು. ಬೆಂಗಳೂರು, ಮೈಸೂರಿಗೆ 2013ರಲ್ಲಿ ಬಾಕ್ಸ್ ಕಡ್ಡಾಯ ಆಯಿತು, ಆಮೇಲೆ ಸಣ್ಣ ಊರಿಗೆ. ಆ ಆಟ ಅಲ್ಲಿಗೆ ಮುಗಿಯಿತು.

ಮೂರನೇ ಸ್ಲಿಪ್:
400ಕ್ಕೆ 90! ಮಂಜಣ್ಣ, ಇದನ್ನು ಹೀಗೆ ಬಹಿರಂಗವಾಗಿ ಒಪ್ಪಿಕೊಳ್ಳಬಾರದು.

ಕೇಬಲ್ ಮಂಜ:
ಇಷ್ಟು ವರ್ಷದ ಮೇಲೆ ಯಾರು ಬಂದು ಕೇಳುತ್ತಾರೆ ತಾಯಿ. ಮನೆಯಲ್ಲಿ ಇನ್ನೂ ಆ ಪುಸ್ತಕ ಇದೆ.

ಲೆಕ್ಕದ ಮೇಷ್ಟ್ರು:
ಮಂಜಣ್ಣ ಕೆಳಗಿನಿಂದ ಲೆಕ್ಕ ಹೇಳಿದರು, ನಾನು ಮೇಲಿನಿಂದ ಹೇಳುತ್ತೇನೆ. 2023ರಿಂದ 2027ರ ತನಕದ ಐಪಿಎಲ್ ಹಕ್ಕು ಒಟ್ಟು 48,390 ಕೋಟಿಗೆ ಹೋಯಿತು. ಇದರಲ್ಲಿ ಭಾರತದ ಟಿವಿ ಹಕ್ಕು ಸ್ಟಾರ್‌ಗೆ 23,575 ಕೋಟಿ. ಹರಾಜಿನ ಲೆಕ್ಕ 410 ಪಂದ್ಯಕ್ಕೆ. ಅಂದರೆ ಟಿವಿಗೆ ಮಾತ್ರ ಒಂದು ಪಂದ್ಯಕ್ಕೆ 57.5 ಕೋಟಿ.

ಒಂದು ಪಂದ್ಯದಲ್ಲಿ 40 ನಿಮಿಷ ಜಾಹೀರಾತು ಅಂತ ಇಟ್ಟುಕೊಳ್ಳಿ. ಓವರ್ ಮಧ್ಯೆ, ವಿಕೆಟ್ ಬಿದ್ದಾಗ, ಎರಡೂವರೆ ನಿಮಿಷದ ನಾಲ್ಕು ಟೈಮ್ ಔಟ್ ಎಲ್ಲ ಸೇರಿ. ಹತ್ತು ಸೆಕೆಂಡಿಗೆ ಒಂದು ತುಂಡು ಅಂದರೆ 240 ತುಂಡು. ಬರೀ ಹಕ್ಕಿನ ದುಡ್ಡು ವಾಪಸ್ ಬರಬೇಕು ಅಂದರೂ ಒಂದೊಂದು ತುಂಡು ಸುಮಾರು 24 ಲಕ್ಷಕ್ಕೆ ಹೋಗಬೇಕು. ಬೆಂಗಳೂರು ಚೆನ್ನೈ ಪಂದ್ಯಕ್ಕೆ ಕೊಡುವವರು ಸಿಗಬಹುದು. ಮಂಗಳವಾರ ಕೊನೆಯ ಎರಡು ಸ್ಥಾನದ ತಂಡಗಳು ಆಡುವಾಗ?

ಆ ಹಳ್ಳ ತುಂಬುವುದು ನಿಮ್ಮ ಅಪ್ಪನ 15 ರೂಪಾಯಿ. ಒಬ್ಬರದ್ದಲ್ಲ, ಕೋಟ್ಯಂತರ ಮನೆಯದ್ದು. ಅದೂ ಐಪಿಎಲ್ ಇರುವ ಎರಡು ತಿಂಗಳು ಮಾತ್ರ ಅಲ್ಲ, ಹನ್ನೆರಡು ತಿಂಗಳೂ. ಆಷಾಢದಲ್ಲಿ ಹಳೇ ಮ್ಯಾಚ್ ಮತ್ತೆ ಮತ್ತೆ ಹಾಕುವಾಗಲೂ ಆ ಮೀಟರ್ ಓಡುತ್ತಿರುತ್ತದೆ. ಪೇ ಚಾನೆಲ್ ವ್ಯಾಪಾರದ ಗುಟ್ಟು ಇಷ್ಟೇ. ಏಪ್ರಿಲ್‌ನ ಆಸೆ ತೋರಿಸಿ ಆಗಸ್ಟ್‌ನಲ್ಲೂ ವಸೂಲಿ ಮಾಡುವುದು.

ತಿಪಟೂರು ಹುಡುಗ:
ಹಾಗಾದರೆ ನಾನು ಐಪಿಎಲ್ ಮುಗಿದ ದಿನ ಸ್ಪೋರ್ಟ್ಸ್ ತೆಗೆಸಿ, ಮಾರ್ಚ್‌ನಲ್ಲಿ ಮತ್ತೆ ಹಾಕಿಸಿದರೆ?

ಕೇಬಲ್ ಮಂಜ:
ಹಾಕಿಸಬಹುದು, ಹಕ್ಕು ಇದೆ. ಹಾಗೆ ಮಾಡುವವರು ನನ್ನ ಏರಿಯಾದಲ್ಲಿ ಇಬ್ಬರು. ಒಬ್ಬರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್.

ಹಳೇ ರೇಡಿಯೋ:
ಈ 57.5 ಕೋಟಿ ಓದಿ ನಗು ಬಂತು. ಒಂದು ಕಾಲದಲ್ಲಿ ಮ್ಯಾಚ್ ತೋರಿಸಲು ದೂರದರ್ಶನವೇ ಬಿಸಿಸಿಐ ಹತ್ತಿರ ದುಡ್ಡು ಕೇಳುತ್ತಿತ್ತು. ನಂಬುತ್ತೀರಾ? ಕ್ಯಾಮೆರಾ ನಮ್ಮದು, ಟವರ್ ನಮ್ಮದು, ತೋರಿಸಬೇಕಾದರೆ ಖರ್ಚು ಕೊಡಿ ಅಂತ.

ಅದು ತಿರುಗಿದ್ದು 1993ರ ಹೀರೋ ಕಪ್‌ನಲ್ಲಿ. ಬಂಗಾಳದ ಕ್ರಿಕೆಟ್ ಸಂಸ್ಥೆ ಟಿಡಬ್ಲ್ಯುಐ ಅನ್ನುವ ವಿದೇಶಿ ಕಂಪನಿಗೆ ಹಕ್ಕು ಕೊಟ್ಟಿತು. ದೂರದರ್ಶನ ಮುನಿಸಿಕೊಂಡಿತು. ಕ್ಯಾಮೆರಾ ಸಾಮಾನು ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಂಡಿತು, ವಿಷಯ ಕೋರ್ಟಿಗೆ ಹೋಯಿತು. ಇಷ್ಟೆಲ್ಲ ರಗಳೆ ಆದಮೇಲೆ ನಮಗೆ ನೋಡಲು ಸಿಕ್ಕಿದ್ದು ಏನು ಗೊತ್ತಾ? ಈಡನ್ ಗಾರ್ಡನ್ಸ್ ಫೈನಲ್‌ನಲ್ಲಿ ವೆಸ್ಟ್ ಇಂಡೀಸ್ ಮೇಲೆ ನಮ್ಮ ಕುಂಬ್ಳೆ 12 ರನ್ನಿಗೆ 6 ವಿಕೆಟ್. (ಆ ದಾಖಲೆ ಮುರಿದದ್ದೂ ನಮ್ಮವರೇ. 2014ರಲ್ಲಿ ಮೀರ್‌ಪುರದಲ್ಲಿ ಸ್ಟುವರ್ಟ್ ಬಿನ್ನಿ, 4 ರನ್ನಿಗೆ 6. ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಹೇಳದೆ ಇರಲಾರೆ.)

ಆ ಕೇಸಿನ ತೀರ್ಪು 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಿಂದ ಬಂತು. ಗಾಳಿಯಲ್ಲಿ ಹರಿಯುವ ತರಂಗ ಜನರ ಸೊತ್ತು, ಸರ್ಕಾರದ ಒಡೆತನ ಅಲ್ಲ ಅಂತ. ಅಲ್ಲಿಂದ ಬಾಗಿಲು ತೆರೆಯಿತು. ಇಎಸ್‌ಪಿಎನ್ ಸ್ಟಾರ್ ಸ್ಪೋರ್ಟ್ಸ್ 1996ರಲ್ಲಿ ಜೊತೆಯಾದವು, ಸಿಂಗಪುರದಲ್ಲಿ ಕೂತು ನಮಗೆ ಕ್ರಿಕೆಟ್ ತೋರಿಸುತ್ತಿದ್ದವು. 2002ರಲ್ಲಿ ಟೆನ್ ಸ್ಪೋರ್ಟ್ಸ್ ಬಂತು. ಶಾರ್ಜಾದಲ್ಲಿ ಕ್ರಿಕೆಟ್ ಕಟ್ಟಿದ ಬುಖಾತಿರ್ ಅವರದ್ದು.

2004ರಲ್ಲಿ ಭಾರತ ಪಾಕಿಸ್ತಾನಕ್ಕೆ ಹೋಯಿತಲ್ಲ, ಆಗ ಹಕ್ಕು ಟೆನ್ ಕೈಯಲ್ಲಿ. ನಮ್ಮ ಬೀದಿಯಲ್ಲಿ ಕೇಬಲ್ ಇದ್ದದ್ದು ನಾಲ್ಕು ಮನೆಗೆ. ಮತ್ತೆ ಕೋರ್ಟು. ಕೊನೆಗೆ ದೂರದರ್ಶನಕ್ಕೂ ಕೊಡಿ ಅಂತ ಆದೇಶ ಆಯಿತು, ಆದರೆ ಟೆನ್ ಲೋಗೋ, ಟೆನ್ ಜಾಹೀರಾತು ಹಾಗೇ ಇರಬೇಕು ಅಂತ. ಡಿಡಿಯಲ್ಲಿ ಬೇರೆಯವರ ಲೋಗೋ! ನಮ್ಮಮ್ಮ ಟಿವಿ ಕೆಟ್ಟಿದೆ ಅಂದುಕೊಂಡಿದ್ದರು.

ಸುಮ್ನೆ ಓದುವವ:
ಅದೇ ಕಾನೂನು ಈಗಲೂ ಇದೆ ಅಲ್ವಾ? ಐಪಿಎಲ್ ಕೂಡ ಡಿಡಿಯಲ್ಲಿ ಬರಬೇಕು.

ಲೆಕ್ಕದ ಮೇಷ್ಟ್ರು:
ಇಲ್ಲ. ಆಮೇಲೆ 2007ರಲ್ಲಿ ಪಂದ್ಯದ ಸಿಗ್ನಲ್ಲನ್ನು ಡಿಡಿ ಜೊತೆ ಹಂಚಿಕೊಳ್ಳಬೇಕು ಅಂತ ಕಾಯ್ದೆ ಬಂತು, ಆದರೆ ಅದು ಇರುವುದು ಸರ್ಕಾರ ರಾಷ್ಟ್ರೀಯ ಮಹತ್ವದ್ದು ಅಂತ ಪಟ್ಟಿ ಮಾಡಿದ ಪಂದ್ಯಗಳಿಗೆ. ಭಾರತ ಆಡುವ ಏಕದಿನ, ಟಿ20 ಅದರಲ್ಲಿವೆ. ಐಪಿಎಲ್ ಇಲ್ಲ, ಅದು ಫ್ರಾಂಚೈಸಿ ವ್ಯಾಪಾರ. ಪಟ್ಟಿಯ ಪಂದ್ಯವಾದರೆ ಹಕ್ಕು ಇರುವವರು ದೂರದರ್ಶನ ನಡೆಸುವ ಪ್ರಸಾರ ಭಾರತಿಗೆ ಜಾಹೀರಾತು ಇಲ್ಲದ ಸಿಗ್ನಲ್ ಕೊಡಬೇಕು. ಡಿಡಿ ಜಾಹೀರಾತು ಹಾಕಿ ಗಳಿಸಿದ್ದರಲ್ಲಿ 75% ಹಕ್ಕಿನವರಿಗೆ, 25% ಪ್ರಸಾರ ಭಾರತಿಗೆ. ಈ ಸಿಗ್ನಲ್ ಖಾಸಗಿ ಕೇಬಲ್‌ನಲ್ಲಿ ಹೋಗುವ ಹಾಗಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಡಿಡಿಯ ಟವರ್ ಮತ್ತು ಫ್ರೀ ಡಿಶ್‌ಗೆ ಮಾತ್ರ. ಅದಕ್ಕೇ ಭಾರತದ ಮ್ಯಾಚ್ ದಿನ ಕೇಬಲ್‌ನಲ್ಲಿ ಡಿಡಿ ಸ್ಪೋರ್ಟ್ಸ್ ಹಾಕಿದರೆ ಬೇರೇನೋ ಬರುತ್ತಿರುತ್ತದೆ.

ಹಳೇ ರೇಡಿಯೋ:
ನನ್ನ ತಮ್ಮನ ಮನೆಯಲ್ಲಿ ಫ್ರೀ ಡಿಶ್. ತಿಂಗಳಿಗೆ ಒಂದು ಪೈಸೆ ಇಲ್ಲ. ಭಾರತದ ಮ್ಯಾಚ್ ಇದ್ದಾಗ ನಾನು ಅಲ್ಲಿಗೇ ಹೋಗುವುದು. ಅವನ ಹೆಂಡತಿ ಬೋಂಡಾ ಮಾಡುತ್ತಾಳೆ, ಅದರ ಎಂಆರ್‌ಪಿ ಟ್ರಾಯ್ ಇನ್ನೂ ನಿಗದಿ ಮಾಡಿಲ್ಲ.

ಓಬಿ ವ್ಯಾನ್:
ನಾನು ಕೆಲವು ವರ್ಷ ಪ್ರಸಾರದ ಕೆಲಸದಲ್ಲಿದ್ದವನು. ಟಿವಿನೋ ಫೋನೋ ಅಂತ ಕೇಳಿದಿರಲ್ಲ, ಅದಕ್ಕೆ ಒಂದು ಮಾತು.

2025ರ ಜೂನ್ 3, ಅಹಮದಾಬಾದ್ ಫೈನಲ್. ನಾನಿದ್ದದ್ದು ವಿಜಯನಗರದಲ್ಲಿ ಮೂರನೇ ಮಹಡಿ, ನೆಟ್ ಮೇಲೆ ನೋಡುತ್ತಿದ್ದೆ. ಕೆಳಗಿನ ಮನೆಯಲ್ಲಿ ಕೇಬಲ್. ಕೊನೆಯ ಓವರ್, ಹೇಜಲ್‌ವುಡ್ ಕೈಯಲ್ಲಿ ಚೆಂಡು. ನನ್ನ ಪರದೆಯಲ್ಲಿ ಅವನು ಇನ್ನೂ ಚೆಂಡು ಒರೆಸುತ್ತಿದ್ದಾನೆ, ಕೆಳಗಡೆ ಪಾತ್ರೆ ಬಡಿಯುವ ಸದ್ದು, ಬೀದಿಯಲ್ಲಿ ಪಟಾಕಿ. ಹದಿನೆಂಟು ವರ್ಷ ಕಾದು ಆರ್‌ಸಿಬಿ ಗೆದ್ದದ್ದು ನನಗೆ ಗೊತ್ತಾಗಿದ್ದು ಕೆಳಗಿನ ಮನೆಯ ಸ್ಟೀಲ್ ತಟ್ಟೆಯಿಂದ. ಕೊಹ್ಲಿ ಕಣ್ಣೀರು ನೋಡುವ ಹೊತ್ತಿಗೆ ನನ್ನ ಕಣ್ಣೀರು ಒಣಗಿತ್ತು.

ಯಾಕೆ ಹೀಗೆ ಅಂದರೆ, ಉಪಗ್ರಹ ಇರುವುದು ಸುಮಾರು 36 ಸಾವಿರ ಕಿಲೋಮೀಟರ್ ಮೇಲೆ. ಹೋಗಿ ಬರಲು ಕಾಲು ಸೆಕೆಂಡು. ಎನ್‌ಕೋಡಿಂಗ್ ಅದು ಇದು ಸೇರಿದರೂ ಟಿವಿಗೆ ಕೆಲವೇ ಸೆಕೆಂಡಿನಲ್ಲಿ ಬರುತ್ತದೆ. ನೆಟ್‌ನಲ್ಲಿ ಚಿತ್ರವನ್ನು ಕೆಲವು ಸೆಕೆಂಡಿನ ತುಂಡು ಮಾಡಿ ಕಳಿಸುತ್ತಾರೆ. ಎರಡು ಮೂರು ತುಂಡು ಕೈಗೆ ಬಂದ ಮೇಲೇ ಆ್ಯಪ್ ತೋರಿಸಲು ಶುರು ಮಾಡುತ್ತದೆ, ನಡುವೆ ನಿಂತುಹೋಗಬಾರದು ಅಂತ. ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ಸೆಕೆಂಡು ಹಿಂದೆ. ಯಾವ ಕಂಪನಿಯ ತಪ್ಪೂ ಅಲ್ಲ, ಇರುವ ವಿಧಾನವೇ ಹಾಗೆ.

ಇನ್ನೊಂದು ವ್ಯತ್ಯಾಸ. ಟಿವಿ ಸಿಗ್ನಲ್ ಒಬ್ಬ ನೋಡಿದರೂ ಅದೇ ಖರ್ಚು, ಹತ್ತು ಕೋಟಿ ಜನ ನೋಡಿದರೂ ಅದೇ ಖರ್ಚು. ನೆಟ್‌ನಲ್ಲಿ ಪ್ರತಿಯೊಬ್ಬನಿಗೂ ಬೇರೆ ಪಾರ್ಸೆಲ್ ಕಟ್ಟಿ ಕಳಿಸಿದ ಹಾಗೆ. ಜನ ಜಾಸ್ತಿ ಆದಷ್ಟೂ ಬಿಲ್ ಜಾಸ್ತಿ. ಪುಕ್ಕಟೆ ತೋರಿಸುವುದು ಎಷ್ಟು ದಿನ ನಡೆಯುತ್ತದೆ ನೀವೇ ಹೇಳಿ.

ಮೂರನೇ ಸ್ಲಿಪ್:
ಪುಕ್ಕಟೆ ತೋರಿಸಿದ್ದು ದಾನ ಅಲ್ಲ ಅಂತ ಆಗಲೇ ಗೊತ್ತಿತ್ತು ಅಲ್ವಾ. 2022ರ ಫುಟ್‌ಬಾಲ್ ವಿಶ್ವಕಪ್, 2023ರ ಐಪಿಎಲ್ ಜಿಯೋಸಿನಿಮಾ ಉಚಿತ ಕೊಟ್ಟಿತು. ಅದನ್ನು ಎದುರಿಸಲು ಹಾಟ್‌ಸ್ಟಾರ್ 2023ರ ಕ್ರಿಕೆಟ್ ವಿಶ್ವಕಪ್ಪನ್ನು ಮೊಬೈಲ್‌ನಲ್ಲಿ ಉಚಿತ ಮಾಡಿತು. ಇಬ್ಬರು ಹೋಟೆಲಿನವರು ಎದುರುಬದುರು ಕೂತು ಪುಕ್ಕಟೆ ಇಡ್ಲಿ ಹಂಚಿದ ಹಾಗೆ. ಆಮೇಲೆ ಏನಾಯಿತು? ಇಬ್ಬರೂ ಅಡುಗೆಮನೆ ಒಂದು ಮಾಡಿಕೊಂಡರು. 2024ರ ನವೆಂಬರ್‌ನಲ್ಲಿ ಹಾಟ್‌ಸ್ಟಾರ್‌ನ ಸ್ಟಾರ್, ಜಿಯೋಸಿನಿಮಾದ ವಯಾಕಾಮ್18 ಸೇರಿ ಜಿಯೋಸ್ಟಾರ್. 2025ರ ಫೆಬ್ರವರಿ 14ಕ್ಕೆ, ಪ್ರೇಮಿಗಳ ದಿನವೇ ಬೇಕಿತ್ತು ನೋಡಿ, ಎರಡು ಆ್ಯಪ್ ಸೇರಿ ಜಿಯೋಹಾಟ್‌ಸ್ಟಾರ್. ಮೊಬೈಲ್‌ಗೆ ಮೂರು ತಿಂಗಳಿಗೆ 149 ರೂಪಾಯಿ.

ಲೆಕ್ಕದ ಮೇಷ್ಟ್ರು:
ಆ ಇಡ್ಲಿ ಜಗಳದಿಂದ ಗೆದ್ದದ್ದು ಬಿಸಿಸಿಐ. ಹಕ್ಕು ಕೊಳ್ಳುವವರು ಇಬ್ಬರಿದ್ದರೆ ಮಾತ್ರ ಬೆಲೆ ಏರುತ್ತದೆ. ಭಾರತದಲ್ಲಿ ಆಡುವ ಪಂದ್ಯಗಳ ಹಕ್ಕನ್ನು 2006ರಲ್ಲಿ ನಿಂಬಸ್ ಅನ್ನುವ ಕಂಪನಿ 61.2 ಕೋಟಿ ಡಾಲರ್‌ಗೆ ತೆಗೆದುಕೊಂಡಿತು, ನಿಯೋ ಸ್ಪೋರ್ಟ್ಸ್ ಅಂತ ಚಾನೆಲ್ಲೇ ಶುರು ಮಾಡಿತು. 2011ರ ಡಿಸೆಂಬರ್‌ನಲ್ಲಿ ದುಡ್ಡು ಸರಿಯಾಗಿ ಕಟ್ಟಲಿಲ್ಲ ಅಂತ ಬಿಸಿಸಿಐ ಒಪ್ಪಂದ ರದ್ದು ಮಾಡಿತು. 2012ರಲ್ಲಿ ಸ್ಟಾರ್ 3,851 ಕೋಟಿ, 2018ರಲ್ಲಿ ಮತ್ತೆ ಸ್ಟಾರ್ 6,138 ಕೋಟಿ. 2023ರಲ್ಲಿ ವಯಾಕಾಮ್18 ಕೊಟ್ಟದ್ದು 88 ಪಂದ್ಯಕ್ಕೆ 5,963 ಕೋಟಿ. ಒಟ್ಟು ಮೊತ್ತ ಇಳಿದ ಹಾಗೆ ಕಂಡರೂ ಒಂದು ಪಂದ್ಯದ ಬೆಲೆ ಏರಿತ್ತು, 67.8 ಕೋಟಿ.

ಜಾಸ್ತಿ ಕೊಟ್ಟು ಸಿಕ್ಕಿಹಾಕಿಕೊಂಡವರು ಬೇಕಾದಷ್ಟಿದ್ದಾರೆ. ಐಸಿಸಿ ಪಂದ್ಯಗಳ 2024ರಿಂದ 2027ರ ಹಕ್ಕು ಸ್ಟಾರ್ ತೆಗೆದುಕೊಂಡು ಟಿವಿ ಭಾಗವನ್ನು ಝೀಗೆ ಕೊಡಲು ಒಪ್ಪಂದ ಮಾಡಿಕೊಂಡಿತ್ತು. ಝೀ ಹಿಂದೆ ಸರಿಯಿತು. ಅದೇ ಝೀ 2016ರಲ್ಲಿ ಟೆನ್ ಸ್ಪೋರ್ಟ್ಸನ್ನು ಸೋನಿಗೆ 38.5 ಕೋಟಿ ಡಾಲರ್‌ಗೆ ಮಾರಿ ಕೈತೊಳೆದುಕೊಂಡಿತ್ತು. ಒಮ್ಮೆ ಬಿಟ್ಟ ಸಿಗರೇಟಿನ ಹಾಗೆ ಮತ್ತೆ ಆಸೆ ಆಯಿತು ಅಂತ ಕಾಣುತ್ತದೆ.

ಈಗ ದೊಡ್ಡ ಕ್ರಿಕೆಟ್ ಹೆಚ್ಚುಪಾಲು ಒಂದೇ ಅಂಗಡಿಯಲ್ಲಿ. ಸ್ಪರ್ಧಾ ಆಯೋಗ ವಿಲೀನಕ್ಕೆ ಒಪ್ಪುವಾಗ ಷರತ್ತು ಹಾಕಿತು, ಟಿವಿ ಜಾಹೀರಾತನ್ನು ಆ್ಯಪ್ ಜಾಹೀರಾತಿಗೆ ಕಟ್ಟಿ ಮಾರಬಾರದು ಅಂತ. ನೋಡುಗರ ಬಿಲ್ ಬಗ್ಗೆ ನನಗೇನೂ ಭರವಸೆ ಇಲ್ಲ.

ಲೀಡ್ಸ್ ಕನ್ನಡಿಗ:
ಇಲ್ಲಿಗೆ ಬಂದು ನೋಡಿ, 19 ರೂಪಾಯಿ ಬೆಲೆ ಗೊತ್ತಾಗುತ್ತದೆ. ಇಲ್ಲಿನ ಸ್ಕೈ ಕಟ್ಟಿದ್ದೇ ಆಟದ ಮೇಲೆ. 1992ರಲ್ಲಿ ಬಿಬಿಸಿ ಜೊತೆ ಸೇರಿ ಐದು ವರ್ಷದ ಪ್ರೀಮಿಯರ್ ಲೀಗ್ ಹಕ್ಕನ್ನು 30.4 ಕೋಟಿ ಪೌಂಡ್‌ಗೆ ತೆಗೆದುಕೊಂಡರು. ನೇರ ಪ್ರಸಾರ ಸ್ಕೈಗೆ, ಹೈಲೈಟ್ಸ್ ಬಿಬಿಸಿಗೆ. ಫುಟ್‌ಬಾಲ್ ಬೇಕು ಅಂದವರು ಮನೆ ಮೇಲೆ ಡಿಶ್ ಹಾಕಿಸಿಕೊಂಡರು. 2005ರ ಆ್ಯಶಸ್ ಚಾನೆಲ್ 4ರಲ್ಲಿ ಉಚಿತ ಬಂತು, ದೇಶವೇ ನೋಡಿತು. ಮರುವರ್ಷದಿಂದ ತವರಿನ ಟೆಸ್ಟ್ ಎಲ್ಲ ಸ್ಕೈ. ಕ್ರಿಕೆಟ್ ಮಂಡಳಿಗೆ ದುಡ್ಡು ಬಂತು, ಶಾಲೆ ಮಕ್ಕಳಿಗೆ ಆಟಗಾರರ ಮುಖ ಮರೆತುಹೋಯಿತು. 2019ರ ವಿಶ್ವಕಪ್ ಫೈನಲ್‌ಗೆ ಇಂಗ್ಲೆಂಡ್ ಬಂದಾಗ ಸ್ಕೈನವರೇ ಚಾನೆಲ್ 4ಕ್ಕೂ ಕೊಟ್ಟರು.

ನನಗೆ ಇಲ್ಲಿ ಇಂಗ್ಲಿಷ್ ಕಾಮೆಂಟರಿ ಮಾತ್ರ ಸಿಗುತ್ತದೆ. ಕನ್ನಡದಲ್ಲಿ ಕೇಳಬೇಕು ಅನ್ನಿಸಿದರೆ ಹಾಸನದ ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ಟಿವಿ ಕಡೆ ಫೋನ್ ಹಿಡಿ ಅನ್ನುತ್ತೇನೆ.

ಮೂರನೇ ಸ್ಲಿಪ್:
ಅಯ್ಯೋ ಪಾಪ. ಆದರೆ ಈ ಕನ್ನಡ ಕಾಮೆಂಟರಿ ವಿಷಯ ನಿಜಕ್ಕೂ ದೊಡ್ಡದು. 2018ರ ಐಪಿಎಲ್‌ನಲ್ಲಿ ಶುರುವಾದಾಗ ನಮ್ಮ ಆಫೀಸಿನಲ್ಲಿ ಎಲ್ಲರೂ ನಕ್ಕರು, ಇದನ್ನು ಯಾರು ಕೇಳುತ್ತಾರೆ ಅಂತ. ಅಡುಗೆಮನೆಯಿಂದ ಅಜ್ಜಿ ಕೇಳುತ್ತಾರೆ ಅಂತ ಅವರಿಗೆ ಗೊತ್ತಿರಲಿಲ್ಲ. ವಿಜಯ್ ಭಾರದ್ವಾಜ್ ಫೀಲ್ಡಿಂಗ್ ಬಿಡಿಸಿ ಹೇಳುವುದನ್ನು ಕೇಳಿ ನಮ್ಮಜ್ಜಿ ಮಿಡ್ ವಿಕೆಟ್ ಎಲ್ಲಿದೆ ಅಂತ ಕಲಿತರು. 1999ರಲ್ಲಿ ನೈರೋಬಿಯಲ್ಲಿ ಸರಣಿಶ್ರೇಷ್ಠ ಆದವರು ಅವರು ಅಂದರೆ, ಹೌದಾ, ಪಾಪ ಗೊತ್ತೇ ಆಗಲ್ಲ ಅಂದರು.

ಹಳೇ ರೇಡಿಯೋ:
ಭಾಷೆ ಮಾತ್ರ ಸ್ವಲ್ಪ ಜಾಸ್ತಿ ಕೂಗಾಟ ಆಯಿತಮ್ಮ. ಹುದ್ದರಿ, ದಾಂಡಿಗ, ಓಟ ಅಂತ ಪತ್ರಿಕೆಯವರು ಕಷ್ಟಪಟ್ಟು ಬೆಳೆಸಿದ ಪದಗಳಿವೆ. ಟಿವಿಯಲ್ಲಿ ಪ್ರತಿ ಸಿಕ್ಸರ್‌ಗೂ ಸಿನಿಮಾ ಡೈಲಾಗು.

ಮೂರನೇ ಸ್ಲಿಪ್:
ನಿಮ್ಮ ತಮ್ಮನ ಮನೆಯಲ್ಲಿ ಬೋಂಡಾ ತಿನ್ನುತ್ತಾ ‘ಹುದ್ದರಿ ಉರುಳಿತು’ ಅಂತೀರಾ, ‘ಔಟ್’ ಅಂತೀರಾ?

ಹಳೇ ರೇಡಿಯೋ:
ಔಟ್.

ಓಬಿ ವ್ಯಾನ್:
ಅವರು ಕೂಗುವುದಕ್ಕೆ ಕಾರಣ ಇದೆ. ಪ್ರಾದೇಶಿಕ ಭಾಷೆಯವರು ಎಷ್ಟೋ ಸಲ ಮೈದಾನದಲ್ಲೇ ಇರುವುದಿಲ್ಲ. ಮುಂಬೈ ಸ್ಟುಡಿಯೋದ ಎಸಿ ಕೋಣೆಯಲ್ಲಿ ಪರದೆ ನೋಡಿಕೊಂಡು ಮಾತಾಡುತ್ತಾರೆ. ಇದಕ್ಕೆ ಆಫ್ ಟ್ಯೂಬ್ ಅನ್ನುತ್ತೇವೆ. ಚಿತ್ರ ಎಲ್ಲ ಭಾಷೆಗೂ ಒಂದೇ, ಧ್ವನಿ ಮಾತ್ರ ಬೇರೆ. ಕ್ಯಾಮೆರಾ ತೋರಿಸದ್ದನ್ನು ಅವರೂ ನೋಡಲಾರರು. ಜನರ ಗಲಾಟೆ ಬರುವುದು ಹೆಡ್‌ಫೋನಿನಲ್ಲಿ. ಮುಚ್ಚಿದ ಕೋಣೆಯಲ್ಲಿ ಹಬ್ಬದ ವಾತಾವರಣ ಕಟ್ಟಬೇಕು, ದನಿ ಏರದೆ ಏನು ಮಾಡಲಿ?

ವ್ಯಾಪಾರದ ದೃಷ್ಟಿಯಿಂದ ಇದು ಬಹಳ ಅಗ್ಗದ ಉಪಾಯ. ಹಕ್ಕಿಗೆ ಸಾವಿರಾರು ಕೋಟಿ ಕೊಟ್ಟಾಗಿದೆ. ಮೂರು ಜನ ಕನ್ನಡದವರನ್ನು ಕೂರಿಸಿದರೆ ಅದೇ ಮ್ಯಾಚ್ ಇನ್ನೊಂದು ಚಾನೆಲ್ ಆಗುತ್ತದೆ. ಇಡೀ ದೇಶಕ್ಕೆ ಜಾಹೀರಾತು ಕೊಡಲಾಗದ ನಮ್ಮೂರಿನ ಕಂಪನಿಗೂ ಅಲ್ಲಿ ಜಾಗ ಸಿಗುತ್ತದೆ.

ತಿಪಟೂರು ಹುಡುಗ:
ಜಾಹೀರಾತು ಅಂದಾಗ ನೆನಪಾಯಿತು. ಆಟ ಆಡಿ ದುಡ್ಡು ಗೆಲ್ಲಿ ಅನ್ನುವ ಆ್ಯಪ್‌ಗಳ ಜಾಹೀರಾತು ಈಗ ಕಾಣುತ್ತಿಲ್ಲ ಅಲ್ವಾ?

ಲೆಕ್ಕದ ಮೇಷ್ಟ್ರು:
2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಡ್ರೀಮ್11 ಭಾರತ ತಂಡದ ಜರ್ಸಿಯಿಂದಲೇ ಇಳಿಯಿತು, ಆ ಜಾಗಕ್ಕೆ ಅಪೋಲೋ ಟೈರ್ಸ್ ಬಂತು. ಸ್ಪೋರ್ಟ್ಸ್ ಚಾನೆಲ್‌ಗೆ ಇದು ದೊಡ್ಡ ಗಿರಾಕಿ ಕೈತಪ್ಪಿದ ಹಾಗೆ. ಜಾಹೀರಾತಿನ ಕಡೆ ಕಡಿಮೆ ಬಿದ್ದದ್ದನ್ನು ಯಾರ ಹತ್ತಿರ ತುಂಬಿಸಿಕೊಳ್ಳುತ್ತಾರೆ ಅಂತ ಕೇಬಲ್ ಬಿಲ್ ಕಟ್ಟುವ ನಿಮಗೆ ಹೇಳಬೇಕಿಲ್ಲ.

ಮೂರನೇ ಸ್ಲಿಪ್:
ಕ್ರಿಕೆಟ್ ಬಿಟ್ಟು ಬೇರೆ ಆಟದ ಗತಿ ಇನ್ನೂ ಕಷ್ಟ. ನಾನು ಬೆಂಗಳೂರು ಎಫ್‌ಸಿ ಅಭಿಮಾನಿ. ಹಕ್ಕುಗಳ ಹೊಸ ಒಪ್ಪಂದ ಆಗದೆ 2025ರಲ್ಲಿ ಐಎಸ್‌ಎಲ್ ಫುಟ್‌ಬಾಲ್ ಲೀಗೇ ನಿಂತಿತು, ಕ್ಲಬ್ ಆಟಗಾರರ ಸಂಬಳ ತಡೆಹಿಡಿಯಿತು. ಟಿವಿ ದುಡ್ಡಿನ ನಂಬಿಕೆ ಹೋದರೆ ಚೆಂಡು ಮೈದಾನಕ್ಕೇ ಬರುವುದಿಲ್ಲ. ಕಬಡ್ಡಿಗೆ ಮಾತ್ರ ಅದೃಷ್ಟ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ ಸ್ಟಾರ್ ಲೀಗಿನ ಒಡೆತನದಲ್ಲೇ ದೊಡ್ಡ ಪಾಲು ತೆಗೆದುಕೊಂಡಿತು. ತನ್ನದೇ ಹಸು ಅಂದಮೇಲೆ ಮೇವು ಹಾಕಲೇಬೇಕು.

ತಿಪಟೂರು ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಈ ಶನಿವಾರ ಊರಿಗೆ ಹೋಗಿದ್ದೆ, ಏನಾಯಿತು ಅಂತ ಹೇಳಿಬಿಡುತ್ತೇನೆ.

ಅಪ್ಪನ ಮುಂದೆ ಫೋನಿನಲ್ಲಿ ಕಬಡ್ಡಿ ಹಾಕಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ರೈಡ್ ನೋಡಿದರು. ‘ಇದರಲ್ಲಿ ಬೋನಸ್ ಗೆರೆ ಎಲ್ಲಿದೆ?’ ಅಂದರು. ಗೆರೆ ಇತ್ತು, ಕಾಣಬೇಕಲ್ಲ. ಆಮೇಲೆ ಸ್ಮಾರ್ಟ್ ಟಿವಿ ವಿಷಯ ಎತ್ತಿದೆ. ಅವರ ರಿಮೋಟ್ ನೀವು ನೋಡಬೇಕು. ಕೊಂಡ ದಿನದ ಪ್ಲಾಸ್ಟಿಕ್ ಕವರ್ ಇನ್ನೂ ಇದೆ, ಬ್ಯಾಟರಿ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್. ಕೊಬ್ಬರಿ ರೇಟು ಹೇಳುವ ನ್ಯೂಸ್ ಚಾನೆಲ್ ನಂಬರ್, ಸ್ಪೋರ್ಟ್ಸ್ ಕನ್ನಡದ ನಂಬರ್, ಅಮ್ಮನ ಧಾರಾವಾಹಿ ನಂಬರ್, ಮೂರೂ ಬಾಯಿಪಾಠ. ಕತ್ತಲಲ್ಲೂ ಒತ್ತುತ್ತಾರೆ.

ಹಾಗಾಗಿ ಕೇಬಲ್ ಇರುತ್ತದೆ. ಆದರೆ ಹನ್ನೊಂದು ಚಾನೆಲ್ ಪ್ಯಾಕ್ ತೆಗೆಸಿ ಎರಡನ್ನು ಬಿಡಿಯಾಗಿ ಹಾಕಿಸಲು ಹೇಳಿದೆ. ನಮ್ಮೂರಿನ ಆಪರೇಟರ್ ನನ್ನ ಮುಖವನ್ನೇ ನೋಡಿದರು. ಪ್ಯಾಕ್ ತೆಗೆದರೆ ಅಮ್ಮನ ಧಾರಾವಾಹಿ ಚಾನೆಲ್ಲೂ ಹೋಗುತ್ತದೆ, ಅದನ್ನೂ ಬಿಡಿಯಾಗಿ ಹಾಕಬೇಕು ಅಂದರು. ಎಲ್ಲ ಕೂಡಿದರೆ ಉಳಿಯುವುದು ತಿಂಗಳಿಗೆ 14 ರೂಪಾಯಿ.

ಕೇಬಲ್ ಮಂಜ:
ಆಪರೇಟರ್ ಮುಖ ನೋಡಿದ್ದು ಯಾಕೆ ಅಂದರೆ, ಆ ಬದಲಾವಣೆ ಮಾಡಲು ಅವನು ಕಂಪ್ಯೂಟರ್ ಮುಂದೆ ಅರ್ಧ ಗಂಟೆ ಕೂರಬೇಕು. ಹಾಕಿಸಿ, ಹಕ್ಕು ನಿಮ್ಮದು. ಒಂದು ಕೆಲಸ ಮಾಡಿ, ಬಾಕ್ಸ್ ಹಿಂದಿನ ನಂಬರಿನ ಫೋಟೋ ತೆಗೆದು ಇಟ್ಟುಕೊಳ್ಳಿ. ಮಾರ್ಚ್‌ನಲ್ಲಿ ಅಪ್ಪ ಬೈದು ಫೋನ್ ಮಾಡಿದಾಗ ಬೇಕಾಗುತ್ತದೆ.